ಕೈ ಕೊಟ್ಟವರು

೧೯೭೬ರ ಮಳೆಗಾಲದಲ್ಲಿ, ಖಾನಾಪುರದ ಹಂಚಿನ ಕಾರಖಾನೆಯೊಂದರಲ್ಲಿ, ಕಂಪೌಂಡರ್ ತಮ್ಮಣ್ಣ ಇಬ್ಬರು ಹೆಂಗಸರ ಬಲತೋಳಿಗೆ ಜ್ವರದ ಸೂಜಿ ಚುಚ್ಚಿದ. ಇಬ್ಬರ ಕೈಯೂ ಮಣಿಕಟ್ಟಿನಿಂದ ಜೋತುಬಿತ್ತು. ತಾನಾಗಿ ಮತ್ತೆ ಏಳಲಿಲ್ಲ.

ಒಬ್ಬಾಕೆ ಶಾಹಜಾನಬಿ, ಇನ್ನೊಬ್ಬಾಕೆ ನಿಂಗವ್ವ. ಅಚ್ಚಿನ ಯಂತ್ರದಿಂದ ಇಳಿದ ಹಸಿ ಹಂಚನ್ನು ಹೊತ್ತು ಒಣಗಿಸುವ ಕಟ್ಟೆಯ ಮೇಲೆ ಇಡುವುದು ಇಬ್ಬರ ಕೆಲಸ. ಹಸಿ ಹಂಚನ್ನು ಬೆರಳಿನಿಂದ ಹಿಡಿಯುವಂತಿಲ್ಲ, ಗುರುತು ಬೀಳುತ್ತದೆ. ಅಂಗೈ ಪೂರ್ತಿ ಬಿಚ್ಚಿ, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ಕೈಯನ್ನೇ ತಾಟು ಮಾಡಿ ಒಯ್ಯಬೇಕು. ಸೂಜಿ ಕಿತ್ತುಕೊಂಡದ್ದು ಸರಿಯಾಗಿ ಅದನ್ನೇ. ಮುಷ್ಟಿ ಕಟ್ಟಲು ಬರುತ್ತಿತ್ತು, ಬಿಚ್ಚಲು ಬರುತ್ತಿರಲಿಲ್ಲ. ರೊಟ್ಟಿ ಬಡಿಯಲು ಕೂತರೆ ಹಿಟ್ಟಿನ ಮೇಲೆ ಕೈ ಒದ್ದೆ ಅರಿವೆಯ ಹಾಗೆ ಬೀಳುತ್ತಿತ್ತು. ಕಾರಖಾನೆ ಇಬ್ಬರನ್ನೂ ಭಟ್ಟಿಯ ಬೂದಿ ಬಳಿಯಲು ಹಾಕಿತು.

ಆ ವರ್ಷ ಊರ ತುಂಬ ಮಲೇರಿಯಾ. ಜ್ವರ ಬಂದವರಿಗೆ ಕಾರಖಾನೆಯಲ್ಲಿ ರಜೆ ಇರಲಿಲ್ಲ, ಸೂಜಿ ಇತ್ತು. ಗಂಡಸರಿಗೆ ತಮ್ಮಣ್ಣ ಕುಂಡಿಗೆ ಚುಚ್ಚುತ್ತಿದ್ದ. ಹೆಂಗಸರು ಸೀರೆ ಸಡಿಲಿಸುವ ಮಾತೇ ಇಲ್ಲ, ತೋಳಿಗೇ. ಆ ತೋಳಿನ ಮೇಲೂ ಮೊಣಕೈವರೆಗೆ ಬಿಗಿ ಕುಪ್ಪಸ. ಪರಗಂಡಸಿನ ಮುಂದೆ ಎಷ್ಟು ಮೇಲಕ್ಕೆ ಸರಿಸಬಹುದೋ ಅಷ್ಟೇ ಸರಿಸುತ್ತಿದ್ದರು. ತಮ್ಮಣ್ಣನೂ ಮರ್ಯಾದಸ್ಥ. ಮುಖ ಆಚೆ ತಿರುಗಿಸಿ, ಕಂಡಷ್ಟು ತೋಳಿಗೆ ಚುಚ್ಚುತ್ತಿದ್ದ. ಭುಜದ ದಪ್ಪ ಮಾಂಸಕ್ಕೆ ಹೋಗಬೇಕಾದ ಸೂಜಿ ಅದಕ್ಕಿಂತ ಕೆಳಗೆ, ಎಲುಬಿನ ಹಿಂಬದಿಗೆ ಸುತ್ತಿಕೊಂಡು ಇಳಿಯುವ ನರಕ್ಕೆ ಹೋಯಿತು. ಮರ್ಯಾದೆ ಉಳಿಯಿತು, ಕೈ ಹೋಯಿತು. ಗಂಡಸರ ಪೈಕಿ ಒಬ್ಬನ ಕೈಯೂ ಬೀಳಲಿಲ್ಲ. ಇದೊಂದು ಸಂಗತಿಯೇ ಸಾಕಿತ್ತು, ಕಣ್ಣಿದ್ದವರಿಗೆ. ಕಾರಖಾನೆಯ ಸಾವಕಾರ ಮಾತ್ರ, "ಜ್ವರದ ತಾಪಕ್ಕ ನರ ಸುಟ್ಟಾವ, ಅದಕ್ಕ ಕಾರಖಾನಿ ಏನ್ ಮಾಡತೈತಿ?" ಎಂದು ಕೈ ಝಾಡಿಸಿದ.

ಬಿಡದೆ ಬೆನ್ನು ಹತ್ತಿದವನು ಈರಣ್ಣ, ಯೂನಿಯನ್ನಿನ ಕಾರ್ಯದರ್ಶಿ. ಬೆಳಗಾವಿಯ ಅನಗೋಳದ ಓಣಿಯೊಂದರಲ್ಲಿ ಅವನ ಮನೆ. ಮನೆಯ ಮುಂದಿನ ಕೋಣೆಯಲ್ಲಿ ರವಿವಾರಕ್ಕೊಮ್ಮೆ ಓದಿನ ಬಳಗ ಸೇರುತ್ತಿತ್ತು. ನೇಕಾರರು, ಹಂಚಿನವರು, ಒಬ್ಬಿಬ್ಬರು ಮಾಸ್ತರರು ಚಾಪೆಯ ಮೇಲೆ ಕೂತು, ಒಬ್ಬ ಓದಿದ್ದನ್ನು ಉಳಿದವರು ಜಗಳ ತೆಗೆದು ಅರ್ಥ ಮಾಡಿಕೊಳ್ಳುವ ಜಾಗ ಅದು. ಶಾಹಜಾನಬಿಗೆ ಕನ್ನಡ ಅಕ್ಷರ ಕಲಿಸಿದವನೂ ಅವನೇ. ಬಲಗೈಗೆ ಬರೆಯಲು ಬರುವುದಿಲ್ಲ ಎಂದಾಗ ಎಡಗೈಗೆ ಬಳಪ ಕೊಟ್ಟು, "ಎಡಗೈ ಹೆಂಗೂ ನಮ್ಮ ಪಕ್ಷದ್ದ ಐತ್ರಿ ಅಕ್ಕಾ" ಎಂದು ನಗಿಸಿದ್ದ. ಅವಳು ಅವನನ್ನು ತಮ್ಮಾ ಎನ್ನುತ್ತಿದ್ದಳು. ಬಾಯಿಮಾತಿಗೆ ಅಲ್ಲ.

ಕಾರ್ಮಿಕ ಅಧಿಕಾರಿಗೆ ಈರಣ್ಣ ದೂರು ಕೊಟ್ಟ. ಇದು ಸೂಜಿ ಮಾಡಿದ ಕೇಡು, ಕಾರಖಾನೆ ಒಪ್ಪಬೇಕು. ಇಬ್ಬರಿಗೂ ಇಲಾಜು ಮಾಡಿಸಬೇಕು. ಕಂಪೌಂಡರನ ಜಾಗಕ್ಕೆ ಕಲಿತ ನರ್ಸ್ ಬರಬೇಕು. ದೂರು ಮೇಜಿನಿಂದ ಮೇಜಿಗೆ ಹೋಯಿತು. ಸಭೆ ನಡೆದವು, ಮುಷ್ಕರ ನಡೆಯಿತು. ಪ್ರತಿ ಸಭೆಯಲ್ಲೂ ಈರಣ್ಣ, "ಅಕ್ಕಾ, ಕೈ ಎತ್ರಿ" ಎನ್ನುತ್ತಿದ್ದ. ಶಾಹಜಾನಬಿ ತೋಳು ಎತ್ತಿದರೆ ಕೈ ಕುತ್ತಿಗೆ ಮುರಿದ ಕೋಳಿಯ ಹಾಗೆ ತೂಗಾಡುತ್ತಿತ್ತು. ಜನ ಹಾ ಎನ್ನುತ್ತಿದ್ದರು. ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೂ ಎತ್ತುತ್ತಿದ್ದಳು. ಖಾನಾಪುರದ ಗೋಡೆಗಳ ಮೇಲೆ ಕೆಮ್ಮಣ್ಣಿನಲ್ಲಿ ಆ ತೂಗಾಡುವ ಕೈ ಬರೆದಿದ್ದರು. ಅದರಲ್ಲಿ ಅರ್ಧ ನಿಂಗವ್ವನ ಕೈ ಎಂದು ಇಬ್ಬರೂ ತಮಾಷೆ ಮಾಡುತ್ತಿದ್ದರು. "ಬೆರಳು ನಿನ್ನೂ, ಉಗುರು ನನ್ನೂ" ಎನ್ನುತ್ತಿದ್ದಳು ನಿಂಗವ್ವ.

ಹೀಗೆ ಆರು ವರ್ಷ. ಎಂಬತ್ತೆರಡರ ಬೇಸಿಗೆ ಮುಗಿಯುವಾಗ ಈರಣ್ಣ ಭಟ್ಟಿಯ ಹತ್ತಿರ ಓಡಿಬಂದ.

"ಅಕ್ಕಾ, ಗೆದ್ವಿ! ಬೆಳಗಾವಿ ದವಾಖಾನ್ಯಾಗ ಕೈ ಆಪರೇಶನ್ ಮಾಡೂ ಡಾಕ್ಟರ್ ಬಂದಾರ. ಸಾವಕಾರ ಮಾಡಸ್ತೀನಿ ಅಂತ ಒಪ್ಪ್ಯಾನ."

"ಇಬ್ಬರಿಗೂ?" ಎಂದಳು ಶಾಹಜಾನಬಿ.

"ಮೊದಲು ನಿಮ್ಮದು. ನಿಮ್ಮ ಕೈ ಎದ್ದಿದ್ದು ನೋಡಿ ಆಮ್ಯಾಲ ನಿಂಗವ್ವಕ್ಕಂದು. ಡಾಕ್ಟರ ಹಂಗ ಅಂದಾರ."

ನಿಂಗವ್ವ ಬೂದಿಯ ಬುಟ್ಟಿ ಇಳಿಸಿ ಸೊಂಟ ನೆಟ್ಟಗೆ ಮಾಡಿದಳು. "ಹೋಗವಾ ಶಾಜಾನಿ, ಮೊದಲು ನೀ ಕೊಯ್ಸಕೊ. ನೀ ಸತ್ತರ ನಾ ಒಲ್ಲೆ ಅಂತೀನಿ. ಉಳದ್ರ ನಾನೂ ಬರ್ತೀನಿ."

"ಎಷ್ಟು ಶಾಣ್ಯಾಕಿ ನೋಡಪಾ ಈಕಿ" ಎಂದು ಶಾಹಜಾನಬಿ ನಕ್ಕಳು.

ಅವಳ ಗಂಡ ಕಾಸಿಮಸಾಬ ಲೋಂಡಾದಲ್ಲಿ ರೈಲಿಗೆ ಕಟ್ಟಿಗೆ ತುಂಬುವ ಗ್ಯಾಂಗಿನವನು. ಒಂದು ದಿನದ ರಜೆ ಬೇಡಿ ದವಾಖಾನೆಗೆ ಬಂದ. ಡಾಕ್ಟರು ಕೈಯನ್ನು ಮಗುಚಿ ತಿರುವಿ ನೋಡಿದರು.

"ನೋಡ್ರಿ ಬಾಯಿಯವರ, ಈ ನರ ಸತ್ತು ಬಾಳ ದಿನ ಆತು. ಈಗ ಅದನ್ನ ಎಬ್ಬಸಾಕ ಆಗಂಗಿಲ್ಲ. ಆದ್ರ ಕೈ ಒಳಗ ಮಡಚೂ ಸ್ನಾಯು ಗಟ್ಟಿ ಅದಾವ, ಅವಕ್ಕ ಬ್ಯಾರೆ ನರ. ಅದರಾಗಿನ ಮೂರು ಹುರಿ ಬಿಡಿಸಿ, ಹಿಂದಕ್ಕ ತಂದು, ಒಂದನ್ನ ಮಣಿಕಟ್ಟು ಎತ್ತೂ ಹುರಿಗೆ, ಒಂದನ್ನ ಬೆರಳು ಬಿಚ್ಚೂ ಹುರಿಗೆ, ಇನ್ನೊಂದನ್ನ ಹೆಬ್ಬೆರಳಿಗೆ ಹೊಲೀತೀನಿ."

ಕಾಸಿಮಸಾಬ ಟೊಪ್ಪಿಗೆ ಸರಿಮಾಡಿಕೊಂಡ. "ಡಾಕ್ಟರ್ ಸಾಬ್, ಒಂದ ಕಡೆ ಬಿಡಿಸಿ ಒಂದ ಕಡೆ ಹಚ್ಚಿದ್ರ, ಬಿಡಿಸಿದ ಕಡೆ ಕೆಲಸ ಯಾರ ಮಾಡಬೇಕ್ರಿ?"

"ಅಲ್ಲೆ ಇನ್ನೂ ಒಂದೆರಡು ಉಳೀತಾವ. ಅವ ಎಲ್ಲಾ ದುಡೀಬೇಕು."

"ಹಂಗಾದ್ರ ನಮ್ಮ ಗ್ಯಾಂಗಿನಂಗ ಐತ್ರಿ" ಎಂದ ಕಾಸಿಮಸಾಬ. "ಇಬ್ಬರನ್ನ ಬ್ಯಾರೆ ಕಡೆ ಒಯ್ದ್ರ ಉಳದಾವ್ರ ಹೆಗಲಿಗೆ."

ಡಾಕ್ಟರು ನಕ್ಕರು. ಶಾಹಜಾನಬಿ ನಗಲಿಲ್ಲ. ಅವಳ ಮನಸ್ಸು ಆಗಲೇ ಹಸಿ ಹಂಚಿನ ಸಾಲಿನಲ್ಲಿತ್ತು.

ಆಪರೇಶನ್ ಆಯಿತು. ಮೊಣಕೈಯಿಂದ ಬೆರಳವರೆಗೆ ಪ್ಲಾಸ್ಟರ್. ಅದನ್ನು ಕೊಯ್ದ ಮೇಲೆ ದಿನಾ ದವಾಖಾನೆಗೆ ಬಂದು ಕೈಗೆ ಕಲಿಸಬೇಕಿತ್ತು. ಖಾನಾಪುರದಿಂದ ದಿನಾ ಓಡಾಡುವುದು ಆಗದ ಮಾತು. ಈರಣ್ಣ ತನ್ನ ಅನಗೋಳದ ಮನೆಗೇ ಕರೆದುಕೊಂಡು ಹೋದ. ಅವನ ಹೆಂಡತಿ ಚಂದ್ರವ್ವ ಮೊದಲ ದಿನವೇ, "ದರ್ಗಾಕ್ಕ ಹೋಗೂದಿದ್ರ ಹೇಳ್ರಿ ಅಕ್ಕಾರ, ಹಾದಿ ನಾ ತೋರಸ್ತೀನಿ. ಊಟಕ್ಕ ಮಾತ್ರ ನಾ ಮಾಡಿದ್ದನ್ನ ಉಣ್ಣಬೇಕು" ಎಂದು ಒಳಗೆ ಕರೆದಳು. ಆ ಮನೆಯಲ್ಲಿ ಅವಳಿಗೆ ಯಾವ ಕೊರತೆಯೂ ಆಗಲಿಲ್ಲ. ಅದನ್ನೂ ಹೇಳಲೇಬೇಕು. ಕೊರತೆ ಮಾಡಿದ್ದರೆ ಮುಂದಿನದ್ದು ಇಷ್ಟು ಉರಿಯುತ್ತಿರಲಿಲ್ಲ.

ಕೈಗೆ ಕಲಿಸುವವನು ನಾಗಲಿಂಗ ಎಂಬ ತೆಳ್ಳನೆಯ ಹುಡುಗಾಟದ ಮನುಷ್ಯ. ಮೊದಲ ದಿನ ಶಾಹಜಾನಬಿ ಹಲ್ಲು ಕಚ್ಚಿ ಬೆರಳು ಬಿಚ್ಚಲು ನೋಡಿದಳು. ಏನೂ ಆಗಲಿಲ್ಲ.

"ಬಿಚ್ಚು ಅನಬ್ಯಾಡ್ರಿ ಅಕ್ಕಾ. ಆ ಮಾತು ಕೇಳೂ ನರ ಸತ್ತೈತಿ. ಮಣಿಕಟ್ಟು ಒಳಗ ಮಡಚತೀನಿ ಅಂತ ಮನಸಿನ್ಯಾಗ ಅನ್ರಿ" ಎಂದ ನಾಗಲಿಂಗ.

ಅಂದಳು. ಬೆರಳು ಸ್ವಲ್ಪವೇ, ನಿದ್ದೆಗಣ್ಣು ಬಿಟ್ಟ ಹಾಗೆ, ತೆರೆದವು.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು. "ಇದೇನಪಾ, ಮಗಳಿಗೆ ಬೈದ್ರ ಸೊಸಿ ಎದ್ದು ಕೆಲಸ ಮಾಡಿದಂಗಾತಲ್ಲ!"

"ಹಂಗs ಅನಕೋರಿ. ದಿನಾ ಬೈರಿ. ಕಡೀಕೊಮ್ಮೆ ಬೈಯೂದು ಮರತು ಹೋಗತೈತಿ, ಕೈ ತಾನ ಏಳತೈತಿ."

ದಿನಾ ಬೈದಳು. ಮಣಿಕಟ್ಟು ಎದ್ದು ನಿಂತಿತು. ಬೆರಳು ಅರ್ಧ, ಆಮೇಲೆ ಮುಕ್ಕಾಲು ಬಿಚ್ಚಿದವು. ಹೆಬ್ಬೆರಳು ಮಾತ್ರ ಸೋಮಾರಿಯಾಗೇ ಇತ್ತು. ಒಂದು ದಿನ ಚಂದ್ರವ್ವನ ಪಕ್ಕ ಕೂತು ರೊಟ್ಟಿ ಬಡಿದಳು. ಅಂಚು ಹರಿದು, ನಡುವೆ ತೂತು ಬಿದ್ದು, ಒಂದು ಕಡೆ ಬಾಲ ಬಂತು. "ಇದು ರೊಟ್ಟಿ ಅಲ್ರೀ, ಗೋವಾದ ನಕಾಶಿ" ಎಂದಳು ಚಂದ್ರವ್ವ. ಆ ನಕಾಶೆಯನ್ನು ಈರಣ್ಣನೇ ಹಟ ಹಿಡಿದು ತನ್ನ ತಾಟಿಗೆ ಹಾಕಿಸಿಕೊಂಡು ಉಂಡ.

ದಸರೆ ಹತ್ತಿರ ಬಂದಾಗ ನಿಂಗವ್ವ ಖಾನಾಪುರದ ಬಸ್ಸು ಹಿಡಿದು ದವಾಖಾನೆಗೆ ಬಂದಳು. ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಹಲ್ಲಿನಿಂದಲೂ ಎಡಗೈಯಿಂದಲೂ ಬಿಚ್ಚುತ್ತ, "ಎಲ್ಲಿ, ತೋರಸು" ಎಂದಳು.

ಶಾಹಜಾನಬಿ ನೀರಿನ ಲೋಟಕ್ಕೆ ಕೈ ಚಾಚಿ, ಬೆರಳು ಬಿಚ್ಚಿ, ಹಿಡಿದು, ಎತ್ತಿ ಕೊಟ್ಟಳು. ನಿಂಗವ್ವ ನೀರು ಕುಡಿಯಲಿಲ್ಲ. ಲೋಟವನ್ನೂ ಆ ಕೈಯನ್ನೂ ಸೇರಿಸಿ ಹಿಡಿದುಕೊಂಡು ಕೂತಳು.

"ಎದ್ದೈತಲ್ಲೇ! ಖರೇನ ಎದ್ದೈತಲ್ಲೇ! ಇನ್ನ ನಂದು ಯಾವಾಗ?"

ಆಗಲೇ ಡಾಕ್ಟರು ಆ ಕಡೆಯಿಂದ ಬಂದರು. ನಿಂಗವ್ವನ ಜೋತುಬಿದ್ದ ಕೈ ಕಂಡು ನಿಂತರು.

"ನೀವು ನಿಂಗವ್ವ ಅಲ್ಲೇನು? ಒಲ್ಲೆ ಅಂದಾಕಿ? ಹೆದರಿಕಿ ಹೋತೇನು ಈಗ?"

"ಯಾರ್ರೀ ಒಲ್ಲೆ ಅಂದಾವ್ರು?"

"ನಾನು ಇಬ್ಬರನ್ನೂ ಕೂಡೇ ಕಳಸ್ರಿ ಅಂತ ಹೇಳಿದ್ದೆ. ನಿಮ್ಮ ಯೂನಿಯನ್ ಈರಣ್ಣ ಬಂದು, ಆಕಿ ಹೆದರ್ಯಾಳ, ಬರಂಗಿಲ್ಲ, ಒಬ್ಬಾಕಿದ ಮಾಡ್ರಿ ಅಂದ."

ನಿಂಗವ್ವ ಡಾಕ್ಟರನ್ನು ನೋಡಲಿಲ್ಲ. ಶಾಹಜಾನಬಿಯನ್ನು ನೋಡಿದಳು.

"ಈಗ ಮಾಡಾಕ ಆಗಂಗಿಲ್ಲೇನ್ರಿ?" ಎಂದು ಶಾಹಜಾನಬಿಯೇ ಕೇಳಿದಳು.

"ಯಾಕ ಆಗಂಗಿಲ್ಲ? ಕಾರಖಾನಿಯವ್ರು ಕಳಸಬೇಕಷ್ಟ. ಅವ್ರು ಒಬ್ಬರದ ಅಂತ ಖಡಕ್ಕಾಗಿ ಹೇಳ್ಯಾರ" ಎಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

"ನಿನಗೂ ಗೊತ್ತಿತ್ತು" ಎಂದಳು ನಿಂಗವ್ವ.

"ಖುದಾನ ಆಣಿ, ಇಲ್ಲ ನಿಂಗವ್ವ."

"ಅವನ ಮನ್ಯಾಗ ಉಣ್ತಿ, ಅವನ ಮನ್ಯಾಗ ಮಲಗ್ತಿ. ಗೊತ್ತಿರಲಿಲ್ಲಂತ."

"ನಿನ್ನ ಮಕ್ಕಳ ಆಣಿ..."

"ನನ್ನ ಮಕ್ಕಳ ಸುದ್ದಿ ಬ್ಯಾಡ." ನಿಂಗವ್ವ ಎದ್ದಳು. ಗಂಟನ್ನು ಮಂಚದ ಮೇಲೇ ಬಿಟ್ಟಳು. ಬಾಗಿಲ ತನಕ ಹೋಗಿ ತಿರುಗಿ, "ಉಣ್ಣು. ನಿನಗ ಈಗ ತುತ್ತು ಮಾಡಾಕ ಬರತೈತಲ್ಲ" ಎಂದು ಹೋದಳು.

ಸಂಜೆ ಈರಣ್ಣ ಕಾಲು ತೊಳೆದುಕೊಂಡು ಒಳಗೆ ಬಂದ. ಚಂದ್ರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಶಾಹಜಾನಬಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು.

"ಏನಕ್ಕಾ, ಇವತ್ತ ಎಷ್ಟು ಬಿಚ್ಚಿತು?"

"ಬಾಳ ಬಿಚ್ಚಿತು ತಮ್ಮಾ. ಕೈ ಅಲ್ಲ. ನಿಂಗವ್ವ ಬಂದಿದ್ದಳು. ಡಾಕ್ಟರೂ ಭೆಟ್ಟಿ ಆದ್ರು ಆಕಿಗೆ."

ಈರಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ.

"ಮುಖ ಒಣಗೇತಿ, ಇಳಸು ಟವೆಲು" ಎಂದಳು ಅವಳು. "ನಿಂಗವ್ವ ಯಾವಾಗ ಒಲ್ಲೆ ಅಂದ್ಲು?"

"ಅಕ್ಕಾ, ಕೂತು ಕೇಳ್ರಿ. ಸಿಟ್ಟಿಗೆ ಬಂದ್ರ ತಿಳಿಯಂಗಿಲ್ಲ. ಸಾವಕಾರ ಒಬ್ಬಾಕಿದ ಮಾಡಸ್ತೀನಿ ಅಂದ. ಎರಡು ಅಂದ್ರ ಬಾಗಲಾ ಹಾಕೋತಿದ್ದ."

"ಒಂದು ಮಾಡ್ಸಾವಗ ಎರಡು ಮಾಡ್ಸಾಕ ಏನ ಧಾಡಿ?"

ಈರಣ್ಣ ಒಲೆಯ ಕಡೆ ನೋಡಿ ದನಿ ಇಳಿಸಿದ. "ಒಂದ ಕೈ ಬಿದ್ರ ಅದು ರೋಗ, ಅಕ್ಕಾ. ಎರಡು ಕೈ ಬಿದ್ರ ಅದು ಸೂಜಿ. ಒಂದಕ್ಕ ಇಲಾಜು ಮಾಡ್ಸಿದ್ರ ಧರ್ಮ ಆಗತೈತಿ. ಎರಡಕ್ಕ ಮಾಡ್ಸಿದ್ರ ತಪ್ಪು ಒಪ್ಪಿದಂಗ ಆಗತೈತಿ. ವಕೀಲ ಅವಗ ಹಂಗ ಹೇಳ್ಯಾನ."

"ಅದಕ್ಕ ನಿಂಗವ್ವನ ಕೈ ಇಲ್ಲ ಅಂತ ಮಾಡಿದ್ರಿ."

"ಆಕೀದು ಸಣ್ಣಾಕಿದ್ದಾಗ ಬಿದ್ದು ಆಗಿದ್ದು ಅಂತ ಮ್ಯಾನೇಜರ ಹೇಳತಾನ. ನಾವು ಅದಕ್ಕ ಅಡ್ಡ ಬರಂಗಿಲ್ಲ. ನಿಮ್ಮದು ಜ್ವರದ್ದು ಅಂತ ನೀವು ಹೇಳಬೇಕು. ದೂರು ಹಿಂದಕ್ಕ."

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಬದಲಿಗೆ?" ಎಂದಳು ಶಾಹಜಾನಬಿ.

"ಬದಲಿಗೆ ಏನ ಸಿಕ್ಕೈತಿ ಕೇಳ್ರಿ ಮೊದಲು! ಯೂನಿಯನ್ನಿಗೆ ಮಾನ್ಯತಾ. ಕಾರಖಾನಿ ಒಳಗ ನಮ್ಮ ಕೋಣಿ, ನಮ್ಮ ಬೋರ್ಡು. ಬದಲಿ ಆಳುಗಳೆಲ್ಲಾ ಖಾಯಂ. ಇಷ್ಟು ವರ್ಷ ಬಾಯಿ ಹರಕೊಂಡ್ರೂ ಆಗದ್ದು ಇದೊಂದರಾಗ ಆತು. ಅಷ್ಟೂ ಮಂದಿ ಹೊಟ್ಟಿ ಅಕ್ಕಾ!"

"ಆ ಮಂದಿಗೆ ಕೇಳಿದ್ಯಾ? ನಿಂಗವ್ವನ್ನ ಮಾರ್ತೀನಿ, ಖಾಯಂ ಆಗ್ತೀರೇನು ಅಂತ?"

"ಮಾರೂದು ಅನಬ್ಯಾಡ್ರಿ."

"ಮತ್ತೇನ ಅನ್ಲಿ? ನಿನ್ನ ಕೋಣಿ ತುಂಬ ಪುಸ್ತಕ ಅದಾವ. ಇದಕ್ಕೊಂದು ಹೆಸರು ಇರಬೇಕಲ್ಲ. ತಗದು ಓದಿ ಹೇಳು, ಓದಾಕ ನೀನ ಕಲಸಿದಾವ."

"ತಂತ್ರ ಅಂತಾರ" ಎಂದ ಈರಣ್ಣ.

"ತಂತ್ರ" ಎಂದಳು ಅವಳು. ಬಾಯಲ್ಲಿ ಹೊಸ ತಿನಿಸಿನ ರುಚಿ ನೋಡುವವಳ ಹಾಗೆ ಇನ್ನೊಮ್ಮೆ, "ತಂತ್ರ. ಚಲೋ ಐತಿ ಶಬ್ದ. ಆರು ವರ್ಷ ಜೋತುಬಿದ್ದ ಕೈ ಎತ್ತಿ ತೋರಸ್ರಿ ಅಂದಿ, ತೋರಿಸಿದೆ. ಮಂದಿ ಅಯ್ಯೋ ಅಂದ್ರು, ನೀ ಭಾಷಣ ಮಾಡಿದಿ. ಈಗ ಎದ್ದ ಕೈ ತೋರಸ್ರಿ ಅಂತಿ. ನಾ ಏನ ನಿಮ್ಮ ಜಾತ್ರಿ ಗೊಂಬಿ ಏನು? ಸಾವಕಾರಗ ನಾ ಬೈಯಂಗಿಲ್ಲ. ಅವ ನನಗ ಎಂದೂ ಅಕ್ಕಾ ಅಂದಿಲ್ಲ."

ಈರಣ್ಣನ ಕಣ್ಣು ಕೆಂಪಾದವು. ಅವನಿಗೆ ನೋವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮಾರುವವರಿಗೂ ನೋವಾಗುತ್ತದೆ. ನೋವಾಗುತ್ತಲೇ ಮಾರುತ್ತಾರೆ.

"ಖಂಡೇನವಮಿ ಪೂಜಾಕ್ಕ ಅಧಿಕಾರಿ ಬರ್ತಾರ" ಎಂದ ಅವನು. "ಎಲ್ಲರ ಮುಂದ ಒಂದ ಸಲ ಕೈ ಬಿಚ್ಚಿ ತೋರಸ್ರಿ, ಜ್ವರದಿಂದ ಆಗಿತ್ತು ಅನ್ರಿ. ಮುಗೀತು. ಮತ್ತ ಹಂಚಿನ ಸಾಲಿಗೆ ಹೋಗ್ತೀರಿ. ಇಲ್ಲಂದ್ರ ಕೆಲಸಾನೂ ಇಲ್ಲ, ಈ ದವಾಖಾನಿ ಕಲಿಕಿನೂ ಇಲ್ಲ. ಹೆಬ್ಬೆರಳು ಇನ್ನೂ ಎದ್ದಿಲ್ಲ, ನಿಮಗ ಗೊತ್ತೈತಿ."

ಚಂದ್ರವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಅಕ್ಕಾರ, ಊಟಕ್ಕ ಏಳ್ರಿ" ಎಂದಳು. ಶಾಹಜಾನಬಿ ಏಳಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೊರಟಳು.

ಕಾಸಿಮಸಾಬ ಹೆಂಡತಿಯ ಮಾತನ್ನೆಲ್ಲ ಕೇಳಿ ಬಹಳ ಹೊತ್ತು ಬೀಡಿ ಸೇದಿದ. "ಇಷ್ಟು ವರ್ಷ ಮನ್ಯಾಗಿದ್ದ ದಿನಾ ರೊಟ್ಟಿ ನಾನ ಬಡದೀನಿ, ಓಣಿ ಮಂದಿ ನಕ್ಕರೂ. ನಿಂಗವ್ವ ನಮ್ಮಾಕಿ, ಅಲ್ಲ ಅನ್ನಂಗಿಲ್ಲ. ಆದ್ರ ಬಂದ ಕೈ ಯಾಕ ಕಳಕೋತಿ? ನಿನ್ನದು ಹೋದ್ರ ಆಕೀದು ಬರತೈತೇನು?"

ಅವಳು ಬುಟ್ಟಿಯಲ್ಲಿ ಅಕ್ಕಿ ಹರವಿ, ಕೈಯಿಟ್ಟು, ಮುಷ್ಟಿ ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ ಅದಕ್ಕೆ ತಾನೇ ಕಲಿಸುತ್ತ ಕೂತಳು. ಹೆಬ್ಬೆರಳು ಏಳಲಿಲ್ಲ.

ನಿಂಗವ್ವನ ಮನೆಗೆ ಹೋದಾಗ ಅವಳು ಹೊಸ್ತಿಲಲ್ಲಿ ಕೂತು, ಮೊಣಕಾಲಿನ ನಡುವೆ ಈಳಿಗೆ ಹಿಡಿದು, ಎಡಗೈಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಳು. ಸರಿದು ಜಾಗ ಕೊಡಲಿಲ್ಲ.

"ಕೈ ತೋರಸಾಕ ಬಂದಿಯೇನು?"

"ಮಾತಾಡಾಕ ಬಂದೀನಿ."

"ನಾ ಸಣ್ಣಾಕಿದ್ದಾಗ ಮಾವಿನ ಗಿಡದಿಂದ ಬಿದ್ದು ಕೈ ಮ್ಯಾಲ ಎತ್ತಾಕ ಬರದಂಗ ಆತಂತ. ಮ್ಯಾನೇಜರ ಕರದು ಹೇಳಿದ. ನನಗ ಗೊತ್ತs ಇರಲಿಲ್ಲ ನೋಡು, ನಾ ಗಿಡಾ ಹತ್ತಿದ್ದು. ನಮ್ಮವ್ವ ಇದ್ದಿದ್ರ ಹೊಡೀತಿದ್ಲು." ನಿಂಗವ್ವ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ನೀ ಏನ ಹೇಳಾಕಿ? ಜ್ವರ ಅಂತೀಯಲ್ಲ? ಹೇಳು. ನಾ ಸಿಟ್ಟಾಗಂಗಿಲ್ಲ. ನಾ ನಿನ್ನ ಜಾಗಾದಾಗ ಇದ್ದಿದ್ರ..." ಅಲ್ಲಿಗೆ ನಿಲ್ಲಿಸಿದಳು. ಮುಂದಿನ ಮಾತು ಅವಳಿಗೂ ಗೊತ್ತಿರಲಿಲ್ಲ.

ಖಂಡೇನವಮಿಯ ದಿನ ಅಚ್ಚಿನ ಯಂತ್ರಗಳನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಬಾಳೆಕಂಬದ ನಡುವೆ ಮೇಜು. ಒಂದು ಕುರ್ಚಿಯಲ್ಲಿ ಸಾವಕಾರ, ಇನ್ನೊಂದರಲ್ಲಿ ಬೆಳಗಾವಿಯಿಂದ ಬಂದ ಕಾರ್ಮಿಕ ಅಧಿಕಾರಿ, ಹಿಂದೆ ಮ್ಯಾನೇಜರ. ಮೇಜಿನ ಬದಿಗೆ ಹೊಸ ಬಿಳಿ ಅಂಗಿಯಲ್ಲಿ ಈರಣ್ಣ. ಇಷ್ಟು ದಿನ ಗೇಟಿನ ಹೊರಗೆ ನಿಂತು ಕೂಗುತ್ತಿದ್ದವನಿಗೆ ಆ ದಿನ ಸಾವಕಾರನ ಬದಿಗೇ ಜಾಗ ಇತ್ತು.

ಸಾವಕಾರನ ಮನೆಮಾತು ಮರಾಠಿ. ಅದು ದೊಡ್ಡ ಸಂಗತಿಯಲ್ಲ. ಕೆಲಸಗಾರರಲ್ಲೂ ಅರ್ಧ ಮಂದಿ ಮರಾಠಿಯವರೇ, ಬೈಗುಳಗಳನ್ನು ಎರಡೂ ಭಾಷೆಯಲ್ಲಿ ಕಲಿತವರೇ. ಬೇರೆ ದಿನ ಅವನು ಮರಾಠಿಯಲ್ಲೇ ಮಾತಾಡುತ್ತಿದ್ದ. ಅಂದು ಕನ್ನಡದ ಅಧಿಕಾರಿ ಬಂದಿದ್ದರಿಂದ ಕನ್ನಡದಲ್ಲಿ ಭಾಷಣಕ್ಕೆ ನಿಂತ. ಕಾರಖಾನೆ ಒಂದು ಮನೆ ಇದ್ದ ಹಾಗೆ ಎಂದ. ಶಾಹಜಾನಬಿಗೆ ದೇವರು ಕಷ್ಟ ಕೊಟ್ಟ ಎಂದ. ಆಮೇಲೆ ಎದೆ ಮುಟ್ಟಿಕೊಂಡು ದನಿ ಏರಿಸಿದ.

"ಈ ಬಡವಿಗೆ ಕಷ್ಟದಾಗ ಯಾರು ಕೈ ಕೊಟ್ಟರು? ನಾವು ಕೈ ಕೊಟ್ಟೇವು! ನಮ್ಮ ಈರಣ್ಣನೂ ಕೈ ಕೊಟ್ಟ! ನಾವಿಬ್ಬರೂ ಕೂಡಿ ಕೈ ಕೊಟ್ಟೇವು! ಮುಂದ ನಿಮಗೆಲ್ಲಾರಿಗೂ ಹೀಂಗ ಕೈ ಕೊಡ್ತೇವು!"

ಅವನ ಮನಸ್ಸಿನಲ್ಲಿದ್ದದ್ದು ಮರಾಠಿಯ 'ಹಾತ ದಿಲಾ', ಆಸರೆಯಾದೆವು ಎಂಬ ಮಾತು. ಬಾಯಿಂದ ಬಂದದ್ದು ಕನ್ನಡ.

ಮಣ್ಣು ಕಲೆಸುವವರ ಸಾಲಿನಿಂದ ಯಾರೋ ಮರಾಠಿಯವನೇ, "ಖರಂ ಬೋಲಲೇ ಸಾವಕಾರ!" ಎಂದು ಕೂಗಿದ, ಸಾವಕಾರ ನಿಜ ಹೇಳಿದ ಎಂದು. ನಗೆ ಒಡೆಯಿತು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ಬಾಗಿದರು. ಕಂಪೌಂಡರ್ ತಮ್ಮಣ್ಣ ಕೂಡ ಮೀಸೆಯಡಿ ನಕ್ಕ. ಅಧಿಕಾರಿ ಕೆಮ್ಮಿದ. ಸಾವಕಾರ ಇದು ತನಗೆ ಸಿಕ್ಕ ಮೆಚ್ಚುಗೆ ಎಂದುಕೊಂಡು ಕೈ ಮುಗಿದ.

ಈರಣ್ಣ ನೆಲ ನೋಡುತ್ತಿದ್ದ.

ಶಾಹಜಾನಬಿ ನಗಲಿಲ್ಲ. ಅಷ್ಟು ಜನ ನಕ್ಕರೆಂದರೆ ಅಷ್ಟೂ ಜನಕ್ಕೆ ಗೊತ್ತಿತ್ತು. ಖಾಯಂ ಆದವರು, ಆಗಲಿರುವವರು, ಅವಳ ಕೈಯ ಚಿತ್ರವನ್ನು ಗೋಡೆಗೆ ಬರೆದವರು, ಎಲ್ಲರಿಗೂ. ನಗಲು ಅವರಿಗೆ ಧೈರ್ಯ ಇತ್ತು. ನಕ್ಕು ಮುಗಿದ ಮೇಲೆ ಎಲ್ಲರೂ ಮೊದಲಿನ ಹಾಗೇ ಸಾಲಾಗಿ ನಿಂತರು. ಹಿಂದೆ, ಬೂದಿಯ ಗುಡ್ಡೆಯ ಹತ್ತಿರ, ನಿಂಗವ್ವ ಒಬ್ಬಳೇ ನಿಂತಿದ್ದಳು. ಅವಳೂ ನಕ್ಕಿರಲಿಲ್ಲ.

"ಬರ್ರಿ ಅಮ್ಮಾ, ಮುಂದ ಬರ್ರಿ" ಎಂದ ಅಧಿಕಾರಿ.

ಹೋದಳು. ಬಲಗೈ ಸೆರಗಿನೊಳಗಿತ್ತು.

"ಹೆಂಗೈತಿ ಕೈ? ನೋವು?"

"ನೋವಿಲ್ರಿ."

"ಬೆರಳು ಬಿಚ್ಚಾಕ ಬರತಾವೇನು?"

"ಬರತಾವ್ರಿ."

"ಬಾಳ ಛಲೋ. ಒಮ್ಮೆ ಬಿಚ್ಚಿ ತೋರಸ್ರಿ, ಎಲ್ಲರೂ ನೋಡ್ಲಿ."

ಅವಳು ಕೈಯನ್ನು ಸೆರಗಿನಿಂದ ಹೊರಗೆ ತೆಗೆದಳು. ಬೆರಳು ಮಡಚಿದ್ದವು.

"ಮೊದಲು ನಿಂಗವ್ವನ್ನ ನನ್ನ ಬಾಜೂಕ ನಿಂದ್ರಸ್ರಿ ಸಾಹೇಬ್ರ. ಆಕಿ ಕೈ ನೋಡ್ರಿ. ಒಂದ ಮಳಿಗಾಲದಾಗ, ಒಂದ ಕೋಣ್ಯಾಗ, ಒಬ್ಬ ಮನಷ್ಯಾ ಇಬ್ಬರಿಗೂ ಸೂಜಿ ಚುಚ್ಚ್ಯಾನ."

ಸಾಲಿನಲ್ಲಿ ಗುಜುಗುಜು ಎದ್ದಿತು. ತಮ್ಮಣ್ಣನ ಮೀಸೆಯಡಿಯ ನಗೆ ಹೋಯಿತು. ಮ್ಯಾನೇಜರ ಮುಂದೆ ಬಂದ. "ಏ, ಕೇಳಿದ್ದಕ್ಕ ಅಷ್ಟ ಜವಾಬ ಕೊಡು. ಕೈ ಬಿಚ್ಚು."

"ಬಿಚ್ಚಂಗಿಲ್ಲ."

"ಬಿಚ್ಚಾಕ ಬರತೈತಿ ಅಂದಿಯಲ್ಲ ಈಗs?"

"ಬರತೈತಿ. ಬಿಚ್ಚಂಗಿಲ್ಲ."

ಸಾವಕಾರನ ಮುಖದ ನಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಈರಣ್ಣನ ಕಡೆ ತಿರುಗಿ ಕಣ್ಣಿನಲ್ಲೇ ಹೇಳಿದ. ಈರಣ್ಣ ಹತ್ತಿರ ಬಂದು, ಅವಳ ಕಿವಿಯ ಹತ್ತಿರ ಬಾಗಿದ.

"ಅಕ್ಕಾ, ನಾಳಿಂದ ಕೆಲಸ ಇಲ್ಲ, ದವಾಖಾನಿ ಇಲ್ಲ. ಕೈ ಮತ್ತ ಸೆಟಗೊಂಡು ಕುಂದರತೈತಿ. ನನ್ನ ಮ್ಯಾಲ ಸಿಟ್ಟಿದ್ರ ಆಮ್ಯಾಲ ಹೊಡೀರಿ. ಈಗ ಬಿಚ್ರಿ."

"ನನಗ ಅಕ್ಕಾ ಅನಬ್ಯಾಡ."

"ಶಾಹಜಾನಬಿಯವರ, ಬಿಚ್ರಿ."

"ಇಲ್ಲ" ಎಂದಳು ಅವಳು, ಹಿಂದೆ ಬೂದಿಯ ಗುಡ್ಡೆಯವರೆಗೆ ಕೇಳುವ ಹಾಗೆ. "ಬಿಚ್ಚಂಗಿಲ್ಲ."